ದೇವರು ತೀರಿಸಲಿ

"'ದೇವರು ನಿನ್ನ ಮೇಲೆ ಸೇಡು ತೀರಿಸಿಕೊಳ್ಳಲಿ ಅಂತ ಮನೆ ಮಾಲೀಕನಿಗೆ ಅಂದೆ.' ಹೀಗಂತಿದ್ದಾರೆ, ಮಹಾಸ್ವಾಮಿ," ಎಂದು ದುಭಾಷಿ ಇಂಗ್ಲಿಷಿನಲ್ಲಿ ಒಪ್ಪಿಸಿದ.

ವಕೀಲೆ ಎರ್ಲಿಂಡಾ ಬಾಲ್ದೆರಾಸ್ ದಡಕ್ಕನೆ ಎದ್ದಳು. ಕಟಕಟೆಯಲ್ಲಿದ್ದ ಫೆಲಿಪಾ ಅಜ್ಜಿ ಸ್ಪ್ಯಾನಿಷಿನಲ್ಲಿ ಹೇಳಿದ್ದು, "ದೇವರು ನಿಮಗೆ ತೀರಿಸಲಿ" ಎಂದು. ನಿಮ್ಮ ಉಪಕಾರದ ಋಣ ದೇವರು ತೀರಿಸಲಿ ಅಂತ, ಸೋರುವ ಸೂರು ಸರಿಮಾಡಿಸಿದ ಮಾಲೀಕನಿಗೆ ಮುದುಕಿ ಕೈಮುಗಿದು ಆಡಿದ ಮಾತು ಅದು. ಅದನ್ನೇ ಬೆದರಿಕೆ ಎಂದು ಹಿಡಿದುಕೊಂಡು ಆತ ಮನೆ ಖಾಲಿ ಮಾಡಿಸಲು ದಾವೆ ಹೂಡಿದ್ದ. ಶನಿವಾರಗಳಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಎರ್ಲಿಂಡಾ ಪುಕ್ಕಟೆ ಸಲಹೆ ಕೊಡುತ್ತಿದ್ದಳು. ಅಜ್ಜಿ ಅಳುತ್ತ ಬಂದದ್ದು ಅಲ್ಲಿಗೆ.

"ಅನುವಾದ ತಪ್ಪಾಗಿದೆ ಮಹಾಸ್ವಾಮಿ. ಅದು ನಮ್ಮ ಮನೆ ಮಾತು, ನಂಗೆ ಗೊತ್ತು."

"ನೀವು ವಕೀಲರು, ವಾದ ಮಾಡಿ," ಎಂದರು ನ್ಯಾಯಾಧೀಶರು. "ಭಾಷೆ ನೋಡ್ಕೊಳ್ಳೋಕೆ ದುಭಾಷಿ ಇದ್ದಾರೆ. ಅವರ ಹತ್ರ ಸರ್ಟಿಫಿಕೇಟಿದೆ. ನಿಮ್ಮ ಹತ್ರ ಇದೆಯಾ?"

ಇರಲಿಲ್ಲ. ಟೆಕ್ಸಾಸಿನ ಆ ಊರಿನ ಶಾಲೆಯಲ್ಲೇ ಸ್ಪ್ಯಾನಿಷ್ ಆಡಿದ್ದಕ್ಕೆ ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮನೆಯಲ್ಲಿ ಇಂಗ್ಲಿಷಿನಲ್ಲಿ ಕೇಳಿದರೆ ಅಮ್ಮ ರೊಟ್ಟಿ ಬಡಿಸುತ್ತಿರಲಿಲ್ಲ. ಎರಡಕ್ಕೂ ಯಾರೂ ಸರ್ಟಿಫಿಕೇಟ್ ಬರೆದುಕೊಟ್ಟಿರಲಿಲ್ಲ.

ಎರ್ಲಿಂಡಾ ಅಜ್ಜಿಯತ್ತ ತಿರುಗಿ ಇಂಗ್ಲಿಷಿನಲ್ಲೇ ಶುರುಮಾಡಿದಳು. "ನಿಮ್ಮ ಗಂಡನನ್ನ ಮಣ್ಣು ಮಾಡಿದ ದಿನ ಪಾದ್ರಿಗಳಿಗೆ ಏನಂದ್ರಿ?"

ದುಭಾಷಿ ಪ್ರಶ್ನೆಯನ್ನು ಮುಟ್ಟಿಸಿದ. ಅಜ್ಜಿ ಅದೇ ಮಾತು ಹೇಳಿದಳು. ಅವನು ತಡವರಿಸಿದ. "ದೇವರು... ಪಾದ್ರಿಗಳ ಮೇಲೆ ಸೇಡು ತೀರಿಸಿಕೊಳ್ಳಲಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಬಸ್ಸಲ್ಲಿ ಸೀಟು ಬಿಟ್ಟುಕೊಟ್ಟವರಿಗೆ?"

"ಅವರ ಮೇಲೂ, ಮಹಾಸ್ವಾಮಿ."

"ಕುಡಿಯೋಕೆ ನೀರು ತಂದುಕೊಟ್ಟ ಮೊಮ್ಮಗಳಿಗೆ?"

ದುಭಾಷಿಯ ಕಿವಿ ಕೆಂಪಗಾಯಿತು. "ಮೊಮ್ಮಗಳ ಮೇಲೂ," ಎಂದು ಗೊಣಗಿದ. ನ್ಯಾಯಾಧೀಶರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರೂ ನಗು ನಿಲ್ಲಲಿಲ್ಲ. ಅರ್ಧ ಗಂಟೆಯೊಳಗೆ ದಾವೆ ವಜಾ ಆಯಿತು.

ಹೊರಗೆ ಮೊಗಸಾಲೆಯಲ್ಲಿ ಎರ್ಲಿಂಡಾ ತೋಳು ಚಾಚಿ ನಿಂತಳು. ಫೆಲಿಪಾ ಅಜ್ಜಿ ಅವಳನ್ನು ದಾಟಿ ನೇರವಾಗಿ ದುಭಾಷಿಯ ಬಳಿ ಹೋಗಿ ಅವನ ಎರಡೂ ಕೈ ಹಿಡಿದುಕೊಂಡಳು.

"ಎಂಥಾ ಮುತ್ತಿನಂಥ ಮಾತಪ್ಪಾ ನಿಂದು! ಕಡೇಗೆ ನೀನಂದಿದ್ದಕ್ಕೆ ಜಡ್ಜೇ ನಕ್ಕುಬಿಟ್ರಲ್ಲ! ನೀನಿಲ್ದಿದ್ರೆ ನಾನು ಬೀದಿಪಾಲಾಗ್ತಿದ್ದೆ."

ಆಮೇಲೆ ವಕೀಲೆಯತ್ತ ತಿರುಗಿ, ಯಾರಿಗೂ ಕೇಳದ ಹಾಗೆ ಕಿವಿಯಲ್ಲಿ ಪಿಸುಗುಟ್ಟಿದಳು: "ಇವನ ಹತ್ರ ಒಂದೆರಡು ತಿಂಗಳು ಕಲ್ತ್ಕೋ ಮಗಳೇ. ನಿನ್ನ ಸ್ಪ್ಯಾನಿಷು ಯಾಕೋ ಬಿಳಿಯರ ಥರಾನೇ ಕೇಳ್ಸುತ್ತೆ."