ಒಪ್ಪಿಗೆ

ಮದುವೆಯಾದಾಗಿನಿಂದ ಗ್ಯಾಸ್ ಬುಕ್ ಮಾಡುವುದರಿಂದ ಹಿಡಿದು ಅತ್ತೆಯ ಕಣ್ಣಿನ ಆಪರೇಷನ್‌ವರೆಗೆ ಎಲ್ಲವನ್ನೂ ಸುಗಂಧಿಯೇ ನೆನಪಿಟ್ಟುಕೊಂಡಿದ್ದಳು. ಗಂಡ ಕೆಟ್ಟವನಲ್ಲ, ಹೇಳಿದ ಕೆಲಸ ಮಾಡುತ್ತಿದ್ದ. ಆದರೆ ಹೇಳಬೇಕಿತ್ತು. ಮಗಳು ಜ್ವರದಲ್ಲಿ ನರಳುತ್ತ ಅವನ ಪಕ್ಕದಲ್ಲೇ ಮಲಗಿದ್ದ ದಿನವೂ ಡಾಕ್ಟರ ಹತ್ತಿರ ಕರೆದೊಯ್ಯಲು ಇವಳೇ ಆಫೀಸಿನಿಂದ ಫೋನ್ ಮಾಡಿ ಹೇಳಬೇಕಾಯಿತು.

ಅಂದು ಸಂಜೆ ಅವಳು ಟಿವಿ ಆರಿಸಿ ಅವನೆದುರು ಕುಳಿತಳು.

"ನನ್ನ ಕೈಲಿ ಇನ್ನಾಗಲ್ಲ. ನಂಗೆ ಡೈವೋರ್ಸ್ ಬೇಕು."

ಅವನ ಕಣ್ಣು ತುಂಬಿ ಬಂತು. "ಇಷ್ಟೊಂದು ಭಾರ ಹೊತ್ತಿದ್ದೀಯ ಅಂತ ನಂಗೆ ಗೊತ್ತೇ ಆಗ್ಲಿಲ್ಲ ಕಣೇ," ಎಂದು ಬಹಳ ಹೊತ್ತು ಅವಳ ಕೈ ಹಿಡಿದುಕೊಂಡು ಕುಳಿತ. ಅವಳ ಮನಸ್ಸೂ ಕರಗತೊಡಗಿತು.

"ಆಯ್ತು, ನಿನ್ನಿಷ್ಟ," ಎಂದ ಕೊನೆಗೆ. "ಒಳ್ಳೆ ಲಾಯರ್ ಯಾರಿದ್ದಾರೆ ನೋಡ್ಬಿಟ್ಟು, ಎಲ್ಲಿಗೆ, ಯಾವತ್ತು ಬರ್ಬೇಕು ಅಂತ ಹೇಳು. ಹಿಂದಿನ ದಿನ ಒಂದ್ಸಲ ನೆನಪು ಮಾಡು."