ಯಾರಿಗೂ ಕಾಣದ ಬೆಸುಗೆ

ಸ್ಟೀರಿಂಗಿನ ನಡುವಿನ ಮುಚ್ಚಳದ ಮೇಲೆ ಆಡುತ್ತಿದ್ದ ಅವನ ಹೆಬ್ಬೆರಳು ತಟ್ಟನೆ ನಿಂತಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬೆರಳಿಗೆ ಮಾತ್ರ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಸಿಕ್ಕಿತು. ಅದು ಯಾರ ಕೈಕೆಲಸ ಎಂದು ಕೇಳಬೇಕಾಗಿರಲಿಲ್ಲ. ಅವನದೇ.

“ಏನಪ್ಪಾ, ಆಕ್ಸಿಡೆಂಟ್ ಆಗಿರೋ ಗಾಡಿನಾ?” ಪಕ್ಕದ ಸೀಟಿನಲ್ಲಿ ಮಗಳು ನಗುತ್ತಾ ಕೂತಿದ್ದಳು. “ಮಾರಿದವನಿಗೆ ಹೇಳೇ ಬಂದಿದೀನಿ. ನಮ್ಮಪ್ಪ ಒಂದು ಸಲ ಮುಟ್ಟಿ ನೋಡಿದ್ರೆ ಸಾಕು, ನಿಮ್ಮ ಬಣ್ಣ ಬಯಲಾಗುತ್ತೆ ಅಂತ.”

“ಇಲ್ಲ ಮಗಳೇ,” ಅಂದ ವೆಲ್ಡರ್. “ಒಳ್ಳೇ ಗಾಡಿ.”

ಬಾಯಿಂದ ಜಾರಿ ಹೋಯಿತು. ಇನ್ನು ಆ ಸುಳ್ಳನ್ನು ನುಂಗುವ ಹಾಗೂ ಇರಲಿಲ್ಲ, ಉಗುಳುವ ಹಾಗೂ ಇರಲಿಲ್ಲ.

ಪ್ಲಾಸ್ಟಿಕ್ ವೆಲ್ಡಿಂಗ್‌ನಲ್ಲಿ ಅವನದು ಎತ್ತಿದ ಕೈ. ಒಡೆದ ಬಂಪರ್, ಮುರಿದ ಲೈಟಿನ ಕಾಲು, ಸೀಳಿದ ಬ್ಯಾಟರಿ ತಟ್ಟೆ, ಏನೇ ತಂದು ಸುರಿದರೂ ಬಿಸಿಗಾಳಿಯ ಗನ್ ಹಿಡಿದು, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ತುಂಬಿ, ಉಜ್ಜಿ ಹೊಸದರಂತೆ ಮಾಡಿಕೊಡುತ್ತಿದ್ದ. ಈ ಮುಚ್ಚಳವೂ ಹಾಗೇ ಬಂದಿತ್ತು, ಏಳೆಂಟು ತಿಂಗಳ ಹಿಂದೆ, ಹಳೇ ಕಾರು ಮಾರುವವನೊಬ್ಬನ ಕೈಯಲ್ಲಿ. ಎಲ್ಲೋ ಡಿಕ್ಕಿಯಾಗಿ, ಒಳಗಿದ್ದ ಏರ್‌ಬ್ಯಾಗ್ ಉಬ್ಬಿ ಹೊರಬಂದ ರಭಸಕ್ಕೆ ಮುಚ್ಚಳ ನಡುವೆ ಹರಿದಿತ್ತು. ಒಮ್ಮೆ ಉಬ್ಬಿದ ಏರ್‌ಬ್ಯಾಗ್ ಮತ್ತೆ ಕೆಲಸಕ್ಕೆ ಬಾರದು. ಹೊಸದು ಹಾಕಿಸುವವನಿಗೆ ಮುಚ್ಚಳವೂ ಅದರ ಜೊತೆಗೇ ಸಿಗುತ್ತದೆ. ಹರಿದದ್ದಕ್ಕೇ ಬೆಸುಗೆ ಹಾಕಿಸುವವನು ಒಳಗೆ ಏನೂ ಹಾಕುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಬೆಸೆದುಕೊಟ್ಟಿದ್ದ.

ಈಗ ಆ ಖಾಲಿ ಮುಚ್ಚಳದ ಎದುರಿಗೆ ಅವನ ಮಗಳು ಕೂರುವವಳಿದ್ದಳು.

“ಬ್ರೇಕ್ ಯಾಕೋ ಸದ್ದು ಮಾಡ್ತಿದೆ. ಗಾಡಿ ಶೆಡ್ಡಲ್ಲೇ ಇರಲಿ, ಚಿಕ್ಕಪ್ಪ ಒಂದ್ಸಲ ನೋಡಲಿ,” ಎಂದು ಅವಳ ಕೈಯಿಂದ ಬೀಗದ ಕೈ ಇಸಿದುಕೊಂಡ. ಅಲ್ಲಿಗೆ ಒಂದು ವಾರದ ಗಡುವು ಸಿಕ್ಕಿತು. ಸೋಮವಾರ ಅವಳು ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ಹೊಸ ಕೆಲಸಕ್ಕೆ ಸೇರಬೇಕು. ನಾಲ್ಕು ಗಂಟೆಯ ದಾರಿ, ಬರೀ ತಿರುವು, ಒಂದು ಪಕ್ಕ ಪ್ರಪಾತ.

ಆ ವಾರ ಅವನು ಮನುಷ್ಯನಾಗಿ ಉಳಿದಿರಲಿಲ್ಲ. ರಸ್ತೆಯಲ್ಲಿ ಯಾವುದಾದರೂ ಲಾರಿ ಕಿರ್ರೆಂದು ಬ್ರೇಕ್ ಹಾಕಿದರೆ ಕೈಯಲ್ಲಿದ್ದ ಗನ್ ಕೆಳಗಿಟ್ಟು ಹೊರಗೋಡಿ ನೋಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಯಾರದೋ ಬಂಪರನ್ನು ಕಾಯಿಸಿ ಕಾಯಿಸಿ ತೂತು ಮಾಡಿಟ್ಟ. ಶೆಡ್ಡಿನ ಇನ್ನರ್ಧದಲ್ಲಿ ಮೆಕ್ಯಾನಿಕ್ ಕೆಲಸ ಮಾಡುವ ತಮ್ಮನಿಗೆ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದ. ಆದರೆ ತಮ್ಮನಿಗೆ ಹೇಳಿದರೆ ಮಗಳಿಗೆ ಹೇಳಿದ ಹಾಗೆ, ಇಬ್ಬರದೂ ಅಷ್ಟು ಗಳಸ್ಯ ಕಂಠಸ್ಯ. ಅಪ್ಪನ ಕೈ ಎಂದರೆ ದೇವರ ಕೈ ಅನ್ನುವ ಹುಡುಗಿ. ಅವಳ ಕಣ್ಣಲ್ಲಿ ಸಣ್ಣವನಾಗುವ ಧೈರ್ಯ ಅವನಿಗಿರಲಿಲ್ಲ.

ಸೋಮವಾರ ಬೆಳಗ್ಗೆ ತಮ್ಮ ಕೈ ಒರೆಸಿಕೊಳ್ಳುತ್ತಾ ಬಂದ. “ಯಾಕಣ್ಣ, ಮುಖ ಹೀಗೆ ಬಿಳಿಚಿಕೊಂಡಿದೆ? ಅವಳ ಗಾಡಿಗೆ ಏನೂ ಆಗಿಲ್ಲ. ನಾನೇ ಬಿಚ್ಚಿ ನೋಡಿದೀನಿ. ಧೈರ್ಯವಾಗಿ ಕಳಿಸು.”

“ಬಿಚ್ಚಿದ್ದು ಬ್ರೇಕ್ ತಾನೇ?”

“ನೋಡಬೇಕಾದ್ದನ್ನೆಲ್ಲ ನೋಡಿದೀನಿ ಮಾರಾಯ,” ಅಂದ ತಮ್ಮ, ಕಣ್ಣು ಬೇರೆ ಕಡೆ ತಿರುಗಿಸಿ.

ನಿನಗೇನು ಗೊತ್ತು ನನ್ನ ಸಂಕಟ ಎಂದುಕೊಂಡ ವೆಲ್ಡರ್. ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ತನ್ನ ಕಾರಿನ ಕಡೆ ನೋಡಿದ. ಅದೂ ಅದೇ ಮಾಡೆಲ್ಲು. ಅದರಲ್ಲೇ ಡ್ರೈವಿಂಗ್ ಕಲಿತವಳು ಎಂದೇ ಮಗಳು ಅಂಥದ್ದನ್ನು ಹುಡುಕಿ ಕೊಂಡಿದ್ದಳು.

“ನನ್ನ ಗಾಡಿ ಬಳಸಿ ಎಷ್ಟು ದಿನವಾಯ್ತು,” ಅಂದ.

“ಅದು ಸುಮ್ಮನೆ ಮಲಗಿರಲಿ ಬಿಡು. ನೀನು ಎಲ್ಲಿಗೆ ಹೋಗಬೇಕು, ನಿನಗೆ ಶೆಡ್ಡೇ ಊರು,” ಎಂದು ತಮ್ಮ ರೇಗಿಸಿ, ಯಾವುದೋ ಬೇರಿಂಗ್ ತರಲು ಅಂಗಡಿಗೆ ಹೊರಟ. ಅವನು ಬೀದಿಯ ತಿರುವು ದಾಟುವುದನ್ನೇ ಕಾದಿದ್ದು ವೆಲ್ಡರ್ ಟಾರ್ಪಾಲು ಎಳೆದ.

ಮಗಳು ಬ್ಯಾಗು ಹಿಡಿದು ಬಂದಾಗ ಅವನ ಕಾರು ಬಾಗಿಲಲ್ಲಿ ಎಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು.

“ಇದ್ಯಾಕಪ್ಪಾ? ನಂದೆಲ್ಲಿ?”

“ನಿಂದು ನಾನು ಇಟ್ಕೋತೀನಿ. ಬೆಟ್ಟದ ರಸ್ತೆಗೆ ಇದೇ ವಾಸಿ, ನನ್ನ ಕೈಯಲ್ಲಿ ಪಳಗಿರೋ ಗಾಡಿ. ಹಟ ಮಾಡಬೇಡ.”

ಅವಳು ಮುಖ ಊದಿಸಿಕೊಂಡಳು, ವಾದ ಮಾಡಿದಳು. ಕೊನೆಗೆ ಅಪ್ಪನ ಕಣ್ಣಲ್ಲಿ ನೀರು ಕಂಡು ಸುಮ್ಮನಾಗಿ ಹತ್ತಿ ಕೂತಳು. ಕಾರು ಮುಖ್ಯ ರಸ್ತೆ ಸೇರುವವರೆಗೂ ಅವನು ನೋಡುತ್ತಾ ನಿಂತ. ವಾರದಿಂದ ಎದೆಯ ಮೇಲೆ ಕೂತಿದ್ದ ಚಪ್ಪಡಿ ಇಳಿದ ಹಾಗಾಯಿತು. ಸುಳ್ಳು ಸುಳ್ಳಾಗಿಯೇ ಉಳಿದಿತ್ತು, ಆದರೆ ಮಗಳು ಉಳಿದಿದ್ದಳು. ಈಗಲಾದರೂ ತಮ್ಮನ ಮುಂದೆ ಎಲ್ಲ ಒಪ್ಪಿಕೊಂಡು ಹೊಸ ಏರ್‌ಬ್ಯಾಗ್ ಹಾಕಿಸಬೇಕು ಅಂದುಕೊಂಡ.

ಅರ್ಧ ಗಂಟೆ ಬಿಟ್ಟು ತಮ್ಮ ಬಂದ. ಶೆಡ್ಡಿನೊಳಗೆ ನಿಂತಿದ್ದ ಮಗಳ ಕಾರು ಕಂಡು, “ಇನ್ನೂ ಹೊರಟಿಲ್ವಾ ಅವಳು?” ಎಂದ.

“ಹೋಗಿ ಅರ್ಧ ಗಂಟೆಯಾಯ್ತು. ನನ್ನ ಕಾರಲ್ಲಿ ಕಳಿಸ್ದೆ.”

ತಮ್ಮನ ಕೈಯಿಂದ ಬೇರಿಂಗಿನ ಪೊಟ್ಟಣ ಕೆಳಗೆ ಬಿತ್ತು. ಎತ್ತಿಕೊಳ್ಳಲು ಅವನು ಬಗ್ಗಲಿಲ್ಲ.

“ನಿನ್ನ ಬೆಸುಗೆ ನಂಗೆ ಗೊತ್ತಾಗಲ್ವಾ ಅಣ್ಣಾ?” ಅವನು ಅಣ್ಣನ ತೋಳು ಹಿಡಿದುಕೊಂಡ. “ಅವಳ ಮುಂದೆ ನಿನ್ನ ಮರ್ಯಾದೆ ಹೋಗೋದು ಬೇಡ ಅಂತ ಬಾಯಿ ಬಿಡಲಿಲ್ಲ. ಮೊನ್ನೆ ನೀನು ಊಟಕ್ಕೆ ಹೋದಾಗ ನಿನ್ನ ಕಾರಿನ ಏರ್‌ಬ್ಯಾಗ್ ಬಿಚ್ಚಿ ಅವಳದಕ್ಕೆ ಹಾಕಿ, ಆ ಖಾಲಿ ಮುಚ್ಚಳನ ನಿನ್ನ ಕಾರಿಗೆ ಕೂರಿಸಿಬಿಟ್ಟೆ.”