ಡಾಲಿಗೋಸ್ಕರ ಆಟೋಮ್ಯಾಟಿಕ್

ಕೊಡಿಯಾಲ್‌ಬೈಲಿನ ಏರಿನ ನಟ್ಟನಡುವೆ ಟೆಸ್ಟ್ ಡ್ರೈವಿನ ಕಾರು ಮತ್ತೊಮ್ಮೆ ಆಫ್ ಆಗಿ ಹಿಂದಕ್ಕೆ ಜಾರತೊಡಗಿತು. ಹಿಂದಿದ್ದ ಸಿಟಿ ಬಸ್ಸಿನವನು ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಎಡಗಡೆ ಕೂತಿದ್ದ ಡಾಲಿ ಹ್ಯಾಂಡ್‌ಬ್ರೇಕ್ ಎಳೆದಳು. ಸ್ಟಿಯರಿಂಗ್ ಹಿಡಿದಿದ್ದ ಅವಳ ಗಂಡ ಚಾರ್ಲ್ಸ್ ಎಸಿಯಲ್ಲೂ ಬೆವರುತ್ತಿದ್ದ.

“ಇದರ ಕ್ಲಚ್ಚೇ ಸರಿ ಇಲ್ಲ ಮಾರಾಯ,” ಎಂದ, ಹಿಂದಿನ ಸೀಟಿನಲ್ಲಿದ್ದ ಶೋರೂಮಿನ ಹಿತೇಶನಿಗೆ.

ಕುಣಿಯಲಾರದವಳಿಗೆ ನೆಲ ಡೊಂಕು. ಕುವೈತಿನಲ್ಲಿ ಇಷ್ಟು ವರ್ಷ ಆಟೋಮ್ಯಾಟಿಕ್ ಓಡಿಸಿದವನ ಎಡಗಾಲಿಗೆ ಕ್ಲಚ್ಚಿನ ಕೆಲಸವೇ ಮರೆತುಹೋಗಿತ್ತು. ರಜೆಗೆ ಬಂದಾಗಲೂ ಆಟೋಮ್ಯಾಟಿಕ್ ಬಾಡಿಗೆ ಕಾರನ್ನೇ ತರಿಸುತ್ತಿದ್ದ. ಆ ಒಂದು ತಿಂಗಳು ಭಾನುವಾರ ಇಗರ್ಜಿಯ ಪೂಜೆಗೆ, ಮದುವೆಗೆ ಅವನೇ ಡ್ರೈವರ್. ಡಾಲಿ ಎಡಕ್ಕೆ ಸರಿಯುತ್ತಿದ್ದಳು. ಗಂಡ ಊರಲ್ಲಿದ್ದರೆ ಹೆಂಡತಿ ಸ್ಟಿಯರಿಂಗ್ ಹಿಡಿಯುವುದು ಅವರ ಮನೆಯ ರೂಢಿಯಲ್ಲ. ಉಳಿದ ತಿಂಗಳೆಲ್ಲ ಮಕ್ಕಳನ್ನು ಶಾಲೆಗೆ, ಮಾವನನ್ನು ಆಸ್ಪತ್ರೆಗೆ, ಬಂದರಿನಿಂದ ಮೀನನ್ನು ಮನೆಗೆ ಮುಟ್ಟಿಸಿದ್ದು ಅವಳ ಹಳೆಯ ಗೇರಿನ ಕಾರು. ಅದೀಗ ಎಕ್ಸ್‌ಚೇಂಜಿಗೆ ಹೊರಟಿತ್ತು. ಚಾರ್ಲ್ಸ್ ಈ ಸಲ ಬಂದದ್ದು ಕಾಯಂ. ಇನ್ನು ಬದುಕಿಡೀ ಎಡಗಡೆಯೇ ಗತಿಯೋ ಎಂದು ಡಾಲಿಗೆ ಹೆದರಿಕೆಯಾಗಿತ್ತು.

ಬೆಳಿಗ್ಗೆ ಹಿತೇಶ ಎಲ್ಲವನ್ನೂ ಬಿಡಿಸಿ ಹೇಳಿದ್ದ: ಕಾರು ಒಂದೇ, ಆದರೆ ಕೆಳಗಿನ ಮಾಡೆಲ್ಲಿಗೆ ಮ್ಯಾನುಯಲ್ ಮಾತ್ರ, ನಡುವಿನದಕ್ಕೆ ಕ್ಲಚ್ಚನ್ನು ತಾನೇ ನೋಡಿಕೊಳ್ಳುವ ಎಎಂಟಿ, ಮೇಲಿನದಕ್ಕೆ ಗೇರು ಬದಲಾದದ್ದೇ ಗೊತ್ತಾಗದ ಸಿವಿಟಿ. ಗೇರಿಲ್ಲದ ಕಾರು ಉಪ್ಪಿಲ್ಲದ ಗಂಜಿ, ಅದೆಲ್ಲ ಹೆಂಗಸರಿಗೆ ಎಂದು ಚಾರ್ಲ್ಸ್ ನಕ್ಕು, ಓಡಿಸಿ ನೋಡಲು ಮ್ಯಾನುಯಲನ್ನೇ ಕೇಳಿದ್ದ.

ಕೊನೆಗೆ ಹಿತೇಶನೇ ಮುಂದೆ ಬಂದು ಕಾರನ್ನು ಶೋರೂಮಿಗೆ ಮುಟ್ಟಿಸಿದ. ಚಾರ್ಲ್ಸ್ ತಣ್ಣೀರು ಕುಡಿದು ಗಂಟಲು ಸರಿಮಾಡಿಕೊಂಡ.

“ಸಿವಿಟಿಯೇ ಇರಲಿ. ನನಗೆ ಯಾವುದಾದ್ರೂ ಆಗ್ತದೆ. ಡಾಲಿಗೋಸ್ಕರ ತೆಗೆಯುವುದು. ಈ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿ ಅವಳಿಗೆ ಎಲ್ಲಿ ಆಗ್ತದೆ, ಪಾಪ.”

ಡಾಲಿಗೆ ಮೈಯೆಲ್ಲ ಉರಿಯಿತು. ಹಿತೇಶ ತನ್ನ ಬೂಟು ನೋಡುತ್ತಿದ್ದ.

ಅವನು ಸಿವಿಟಿಯ ಕೀಲಿ ತಂದು, ಇದನ್ನೂ ಒಂದು ರೌಂಡ್ ನೋಡಿ ಎಂದು ಚಾರ್ಲ್ಸ್‌ನತ್ತ ಚಾಚಿದ. ಡಾಲಿ ನಡುವೆ ಕೈ ಹಾಕಿ ತೆಗೆದುಕೊಂಡಳು.

“ನನಗೋಸ್ಕರ ತೆಗೆಯುವ ಗಾಡಿ ಅಂತ ಅವರೇ ಹೇಳಿದ್ದಲ್ವಾ ಹಿತೇಶ್? ಹಾಗಾದ್ರೆ ಓಡಿಸುವುದೂ ನಾನೇ. ಇವತ್ತು ಮಾತ್ರ ಅಲ್ಲ.”

ಗಾಡಿ ತನಗೇ ಬೇಕಾದದ್ದು ಎಂದು ಚಾರ್ಲ್ಸ್ ಈಗ ಹೇಳುವಂತಿರಲಿಲ್ಲ. ಏರಿನಲ್ಲಿ ಆದದ್ದನ್ನು ಕಂಡಿದ್ದ ಹಿತೇಶ ಎದುರಿಗೇ ನಿಂತಿದ್ದ. ಚಾರ್ಲ್ಸ್ ಕಾರಿಗೆ ಸುತ್ತು ಹಾಕಿ ಬಂದು ಎಡಗಡೆ ಕೂತ. ಕುವೈತಿನಲ್ಲೂ ಕಾರು ಓಡಿಸುವಾಗ ಅವನು ಕೂರುತ್ತಿದ್ದದ್ದು ಎಡಗಡೆಯೇ. ಇಲ್ಲಿ ಎದುರಿಗೆ ಸ್ಟಿಯರಿಂಗ್ ಇರಲಿಲ್ಲ, ಅಷ್ಟೇ.